ಚಿಪ್ಪಿಗೆ ಕೋಟಿ ಕೊಡುವವರು ಯಾರೂ ಇಲ್ಲ

ಹೋದ ಸಂಚಿಕೆಯಲ್ಲಿ ಚಿಪ್ಪುಹಂದಿ, ಅಂದರೆ ಮೈಮೇಲೆಲ್ಲಾ ಚಿಪ್ಪಿರುವ ಪ್ಯಾಂಗೊಲಿನ್, ಬಗ್ಗೆ ಬರೆದಿದ್ದು ಬರೀ ಎರಡು ಪ್ಯಾರಾ. ಜಗತ್ತಿನಲ್ಲಿ ಅತಿ ಹೆಚ್ಚು ಕಳ್ಳಸಾಗಣೆಯಾಗುವ ಕಾಡುಪ್ರಾಣಿಗಳಲ್ಲಿ ಇದೂ ಒಂದು, ಇದನ್ನು ಉಳಿಸಲು ವಿಯೆಟ್ನಾಂನಲ್ಲಿ ಒಬ್ಬರು, ನೈಜೀರಿಯಾದಲ್ಲಿ ಒಬ್ಬರು ಹೆಣಗುತ್ತಿದ್ದಾರೆ ಅಂತ ಬರೆದು ಮುಗಿಸಿದ್ದೆ. ಅಷ್ಟಕ್ಕೇ ಕಾಗದ, ಇಮೇಲ್, ವಾಟ್ಸಾಪ್ ಎಲ್ಲಾ ಬಂದು ಬಿದ್ದಿವೆ. ಹುಲಿ ಬಗ್ಗೆ ಬರೆದಾಗಲೂ ಇಷ್ಟು ಬಂದಿರಲಿಲ್ಲ. ಯಾಕೆ ಅಂತ ಓದುತ್ತಾ ಹೋದಾಗ ಗೊತ್ತಾಯಿತು. ತುಂಬಾ ಪತ್ರಗಳಲ್ಲಿ, ಬೇರೆ ಏನೇನೋ ಕೇಳಿದ ಮೇಲೆ, ಕೊನೆಗೆ ಒಂದು ಸಾಲು ಇದ್ದೇ ಇದೆ: ಅದಕ್ಕೆ ನಿಜವಾಗ್ಲೂ ಅಷ್ಟು ದುಡ್ಡು ಸಿಗುತ್ತಾ?

ಹಾಗಾಗಿ ಈ ಸಲದ ಅಂಕಣ ಪೂರ್ತಿ ಚಿಪ್ಪುಹಂದಿಗೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದರಿಂದ ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಚಿಪ್ಪುಹಂದಿ ಸೇರಿಕೊಂಡಿದೆ. ಧರೆಯಲ್ಲಿ ಬಿಲ ತೋಡಿದೆ. ಧರೆ ಕುಸಿಯುತ್ತೆ ಅಂತ ಮಗನ ಚಿಂತೆ. ಕೆಲಸಕ್ಕೆ ಬರುವವನೊಬ್ಬ, "ಹಿಡಿದುಕೊಟ್ರೆ ಲಕ್ಷ ಕೊಡೋರಿದಾರೆ ಅಯ್ಯ" ಅನ್ನುತ್ತಾನೆ. ಏನು ಮಾಡಲಿ? (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಏನೂ ಮಾಡಬೇಡಿ. ಅದು ಅಡಿಕೆ ಮುಟ್ಟಲ್ಲ, ಬಾಳೆ ಮುಟ್ಟಲ್ಲ, ಗೆಣಸು ಅಗೆಯಲ್ಲ, ಕೋಳಿ ಹಿಡಿಯಲ್ಲ. ಅದರ ಊಟ ಇರುವೆ, ಗೆದ್ದಲು, ಅವುಗಳ ಮೊಟ್ಟೆ, ಅಷ್ಟೇ. ಗೆದ್ದಲಿನ ಕಾಟ ಏನು ಅಂತ ತೋಟ ಇರುವವರಿಗೆ ನಾನು ಹೇಳಿಕೊಡಬೇಕಾ?

ಬಿಲದ ವಿಷಯ. ಅದು ಎರಡು ಥರ ತೋಡುತ್ತೆ. ಊಟಕ್ಕೆ ತೋಡುವುದು ಗಿಡ್ಡ ಗುಂಡಿ, ಇರುವೆ ಗೂಡು ಇದ್ದಲ್ಲಿ ಕೆರೆದು, ತಿಂದು, ಬಿಟ್ಟು ಹೋಗುತ್ತೆ. ಮಲಗುವುದಕ್ಕೆ ತೋಡುವುದು ಆಳದ್ದು, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತೆ, ಎಷ್ಟೋ ಸಲ ಒಳಗೆ ಹೋದ ಮೇಲೆ ಬಾಯಿಗೆ ಮಣ್ಣು ಸೇರಿಸಿ ಮುಚ್ಚಿಕೊಂಡೇ ಮಲಗುತ್ತೆ. ಬೆಟ್ಟದ ಧರೆಯಲ್ಲಿ ಅದು ಒಂದು ಬಿಲ ಮಾಡಿಕೊಂಡರೆ ನಿಮಗೆ ನಷ್ಟ ಇಲ್ಲ. ಮನೆಯ ಹಿಂದಿನ ಧರೆ ಆಗಿದ್ದು ನಿಜವಾಗ್ಲೂ ಭಯ ಇದ್ದರೆ ನೀವೇ ಹೊಗೆ ಹಾಕಲು, ಅಗೆಯಲು ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಕೆಲಸದವನು. ಅವನನ್ನು ಗದರಿಸಿದರೆ ಅವನು ನಿಮ್ಮ ಕಣ್ಣು ತಪ್ಪಿಸಿ ಹೋಗುತ್ತಾನೆ. ಕೂರಿಸಿಕೊಂಡು ಹೇಳಿ. ಚಿಪ್ಪುಹಂದಿ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಅಂದರೆ ಹುಲಿ ಆನೆಗಳ ಸಾಲಿನಲ್ಲಿ. ಹಿಡಿದರೆ, ಕೊಂದರೆ, ಮಾರಿದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ ಜೈಲು, ಏಳು ವರ್ಷದವರೆಗೂ ಹೋಗಬಹುದು, ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಮತ್ತೆ ಆ 'ಲಕ್ಷ ಕೊಡೋರು' ಯಾರು ಅನ್ನೋದನ್ನು ಕೆಳಗೆ ಬರೆದಿದ್ದೇನೆ, ಅದನ್ನೂ ಅವನಿಗೆ ಓದಿ ಹೇಳಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ. ತೋಟಕ್ಕೆ ಕರೆಂಟ್ ಬೇಲಿ ಇದ್ದರೆ ಕೆಳಗಿನ ತಂತಿ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಚಿಪ್ಪುಹಂದಿಗಳು ಬೇಟೆಗಿಂತ ಬೇಲಿಗೇ ಹೆಚ್ಚು ಸಾಯುತ್ತವೆ ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡರು. ಅಲ್ಲಿನ ಜಾತಿ ಹಿಂಗಾಲ ಮೇಲೆ ನಡೆಯುತ್ತೆ. ಚಿಪ್ಪಿಲ್ಲದ ಮೆತ್ತನೆ ಹೊಟ್ಟೆ ತಂತಿಗೆ ತಾಗುತ್ತೆ, ಶಾಕ್ ಹೊಡೆದ ತಕ್ಷಣ ಅಭ್ಯಾಸಬಲದಿಂದ ಸುರುಳಿ ಸುತ್ತಿಕೊಳ್ಳುತ್ತೆ, ಆದರೆ ಸುತ್ತಿಕೊಂಡಿರುವುದು ತಂತಿಯನ್ನೇ. ಬಿಡಿಸಿಕೊಳ್ಳಲು ಆಗಲ್ಲ. ಕೆಳಗಿನ ತಂತಿಯನ್ನು ಸ್ವಲ್ಪ ಮೇಲೆ ಏರಿಸುವುದು ಅಥವಾ ಅದೊಂದಕ್ಕೆ ಕರೆಂಟ್ ಕೊಡದೇ ಇರುವುದು ಅಲ್ಲಿ ಕಂಡುಕೊಂಡ ಉಪಾಯ. ನಮ್ಮದು ನಾಲ್ಕೂ ಕಾಲೂರಿ ನಡೆಯುವ ಜಾತಿ, ಆದರೂ ಸುತ್ತಿಕೊಳ್ಳುವ ಅಭ್ಯಾಸ ಅದೇ.

ಪ್ರಶ್ನೆ: ಚಿಪ್ಪುಹಂದಿಗೆ ಹಲ್ಲು ಇರುತ್ತಾ? ಅದರ ಮರಿಗೂ ಚಿಪ್ಪು ಇರುತ್ತಾ? ನಾನು ಆರನೇ ಕ್ಲಾಸು. (ಶಿರಸಿ)

ಉತ್ತರ: ಹಲ್ಲು ಒಂದೂ ಇಲ್ಲ ಪುಟ್ಟಿ. ಉದ್ದ ನಾಲಿಗೆ, ಅದರ ತುಂಬಾ ಅಂಟು. ಇರುವೆ ಅಂಟಿಕೊಂಡಿತು ಅಂದರೆ ಸೀದಾ ಹೊಟ್ಟೆಗೆ. ಅಗಿಯುವ ಕೆಲಸ ಹೊಟ್ಟೆಯಲ್ಲೇ ನಡೆಯುತ್ತೆ, ಅದಕ್ಕಾಗಿ ಮಣ್ಣಿನ ಜೊತೆ ಸಣ್ಣ ಸಣ್ಣ ಕಲ್ಲೂ ನುಂಗಿರುತ್ತೆ. ಆ ನಾಲಿಗೆಯ ಬುಡ ಎಲ್ಲಿದೆ ಗೊತ್ತಾ? ನಮ್ಮ ಹಾಗೆ ಬಾಯಲ್ಲಿ ಅಲ್ಲ, ಪಕ್ಕೆಲುಬು ಮುಗಿಯುವ ಕಡೆ, ಅಷ್ಟು ಒಳಗೆ.

ಮರಿಗೂ ಚಿಪ್ಪು ಇರುತ್ತೆ, ಹುಟ್ಟಿದಾಗ ಮೆತ್ತಗೆ, ಆಮೇಲೆ ಗಟ್ಟಿಯಾಗುತ್ತೆ. ಅಮ್ಮನ ಬಾಲದ ಮೇಲೆ ಕೂತು ಸವಾರಿ ಮಾಡುತ್ತೆ. ಅಪಾಯ ಅನ್ನಿಸಿದರೆ ಅಮ್ಮ ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಸುತ್ತಿಕೊಳ್ಳುತ್ತಾಳೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ನಿಮ್ಮ ಮೇಷ್ಟ್ರಿಗೆ ಹೇಳು, ಫೆಬ್ರವರಿ ತಿಂಗಳ ಮೂರನೇ ಶನಿವಾರ ವಿಶ್ವ ಚಿಪ್ಪುಹಂದಿ ದಿನ ಅಂತ ಮಾಡುತ್ತಾರೆ.

ಪ್ರಶ್ನೆ: ವಿಯೆಟ್ನಾಂನ ಸಂರಕ್ಷಣಾ ವಿಜ್ಞಾನಿಗೆ ದೊಡ್ಡ ಪ್ರಶಸ್ತಿ ಬಂದಿದೆ ಎಂದು ಬರೆದಿದ್ದಿರಿ. ಇಂಥ ವಿಜ್ಞಾನಿ ದಿನಾ ಏನು ಕೆಲಸ ಮಾಡುತ್ತಾರೆ? ಪ್ರಯೋಗಾಲಯ ಇರುತ್ತಾ? ಸುಮ್ನೆ ಕಾಡಲ್ಲಿ ಓಡಾಡಿದರೆ ವಿಜ್ಞಾನ ಆಗುತ್ತಾ? (ಬಿ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಯಲ್ಲಿ ಸ್ವಲ್ಪ ಕೊಂಕು ಇದೆ, ಇರಲಿ, ಅದಕ್ಕೇ ಉದ್ದಕ್ಕೆ ಬರೆಯುತ್ತೇನೆ.

ಅವರ ಹೆಸರು ನುಯೆನ್ ವಾನ್ ಥಾಯ್. 1982ರಲ್ಲಿ ಹುಟ್ಟಿದವರು. ಮನೆ ಇದ್ದಿದ್ದೇ ಕುಕ್ ಫೂಂಗ್ ರಾಷ್ಟ್ರೀಯ ಉದ್ಯಾನದ ಹತ್ತಿರ. ಚಿಕ್ಕ ಹುಡುಗ ಆಗಿದ್ದಾಗ ಊರಿನವರು ಬಿಲ ಅಗೆದು ತಾಯಿ, ಮರಿ ಎರಡನ್ನೂ ಹಿಡಿದಿದ್ದನ್ನು ಕಣ್ಣಾರೆ ನೋಡಿದವರು. ಹಿಡಿದವರು ಯಾರೋ ಹೊರಗಿನ ಕಳ್ಳರಲ್ಲ, ನೆರೆಮನೆಯವರು. ಇದು ನೆನಪಿರಲಿ, ಯಾಕೆಂದರೆ ಅವರ ಮುಂದಿನ ಕೆಲಸಕ್ಕೆಲ್ಲ ಇದೇ ಬುನಾದಿ.

2014ರಲ್ಲಿ ಅವರು 'ಸೇವ್ ವಿಯೆಟ್ನಾಮ್ಸ್ ವೈಲ್ಡ್‌ಲೈಫ್' ಎಂಬ ಸಂಸ್ಥೆ ಕಟ್ಟಿದರು. 2014ರಿಂದ 2020ರ ಒಳಗೆ ಈ ಸಂಸ್ಥೆ ಕಳ್ಳಸಾಗಣೆಯಿಂದ ಬಿಡಿಸಿದ ಚಿಪ್ಪುಹಂದಿಗಳು 1,540. 2021ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

'ಬಿಡಿಸುವುದು' ಅಂದರೆ ಏನು ನೋಡಿ. ಪೊಲೀಸರು ಯಾವುದೋ ಹೆದ್ದಾರಿಯಲ್ಲಿ ಗಾಡಿ ತಡೆಯುತ್ತಾರೆ. ಒಳಗೆ ನೈಲಾನ್ ಬಲೆ ಚೀಲಗಳು, ಒಂದೊಂದರಲ್ಲೂ ಸುರುಳಿ ಸುತ್ತಿಕೊಂಡ ಒಂದೊಂದು ಪ್ರಾಣಿ. ಎಷ್ಟೋ ದಿನದಿಂದ ನೀರಿಲ್ಲ. ಕೆಲವಕ್ಕೆ ಉರುಳಿನ ತಂತಿ ಕಾಲನ್ನು ಕೊಯ್ದು ಮೂಳೆ ಕಾಣುತ್ತಿರುತ್ತೆ. ಹೊಟ್ಟೆ ಮಾತ್ರ ಊದಿಕೊಂಡಿರುತ್ತೆ. ಇವುಗಳನ್ನು ಮಾರುವುದು ಕಿಲೋ ಲೆಕ್ಕದಲ್ಲಿ, ಹಾಗಾಗಿ ತೂಕ ಬರಲಿ ಅಂತ ಗಂಟಲಿಗೆ ಕೊಳವೆ ತುರುಕಿ ಜೋಳದ ಹಿಟ್ಟಿನ ಗಂಜಿ ತುಂಬಿರುತ್ತಾರೆ. ಇರುವೆ, ಗೆದ್ದಲು ಬಿಟ್ಟು ಬೇರೇನೂ ತಿನ್ನದ ಪ್ರಾಣಿ ಅದು. ಹೊಟ್ಟೆಯಲ್ಲಿ ಹುಣ್ಣು, ಶ್ವಾಸಕೋಶದಲ್ಲಿ ಸೋಂಕು. ಅರ್ಧರಾತ್ರಿ ಫೋನ್ ಬಂದರೆ ಹೊರಡಬೇಕು, ದಾರಿಯಲ್ಲೇ ಡ್ರಿಪ್ ಹಾಕಬೇಕು. ಕೇಂದ್ರಕ್ಕೆ ತಂದ ಮೇಲೆ ಸುಮಾರು ಒಂದು ತಿಂಗಳು ಬೇರೆಯಾಗಿ ಇಟ್ಟು ನೋಡಬೇಕು.

ಊಟದ್ದೇ ಒಂದು ದೊಡ್ಡ ಸಂಶೋಧನೆ. ದಿನಾ ಅಷ್ಟು ಇರುವೆ ಎಲ್ಲಿಂದ ತರೋದು? ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇದೆಯಲ್ಲ, ಮರದ ಎಲೆ ಹೊಲಿದು ಗೂಡು ಕಟ್ಟುವ ಇರುವೆ, ಅದನ್ನು ಫ್ರೀಜರ್‌ನಲ್ಲಿಟ್ಟು ರೇಷ್ಮೆ ಹುಳುವಿನ ಜೊತೆ ಕಲಸಿ ಕೊಡುತ್ತಾರೆ. ಕೇಳಲು ಸುಲಭ. ಈ ಹದಕ್ಕೆ ಬರುವ ಮೊದಲು ಜಗತ್ತಿನ ಎಷ್ಟೋ ಮೃಗಾಲಯಗಳಲ್ಲಿ ಚಿಪ್ಪುಹಂದಿಗಳು ಬಂದ ಸ್ವಲ್ಪ ದಿನಕ್ಕೇ ಸತ್ತುಹೋಗುತ್ತಿದ್ದವು. ಹಾಗಾಗಿ ಹೌದು, ಪ್ರಯೋಗಾಲಯ ಇರುತ್ತೆ, ಆದರೆ ಅದು ಅಡುಗೆಮನೆಯೂ ಆಗಿರುತ್ತೆ.

ಗುಣವಾದ ಮೇಲೆ ರಾತ್ರಿ ಹೊತ್ತು ಕಾಡಿಗೆ ಬಿಡುತ್ತಾರೆ. ಯಾವ ಕಾಡು ಅಂತ ಹೇಳುವುದಿಲ್ಲ. ಹೇಳಿದರೆ ಮರುವಾರವೇ ಅಲ್ಲಿ ಉರುಳು ಬೀಳುತ್ತೆ.

ಇಲ್ಲೇ ಥಾಯ್ ಅವರ ಬುದ್ಧಿವಂತಿಕೆ ಕಾಣೋದು. ಬಿಡಿಸಿ ಬಿಡಿಸಿ ಕಾಡಿಗೆ ಬಿಡುತ್ತಾ ಹೋದರೆ, ಕಾಡಲ್ಲಿ ಉರುಳು ಹಾಗೇ ಇದ್ದರೆ, ಏನು ಪ್ರಯೋಜನ? 2018ರಲ್ಲಿ ಪು ಮಾಟ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆ ತಡೆಯುವ ಪಡೆ ಶುರು ಮಾಡಿದರು. ಅರಣ್ಯ ರಕ್ಷಕರ ಜೊತೆಗೇ ಕಾಡಿನಲ್ಲಿ ದಿನಗಟ್ಟಲೆ ನಡೆಯುವುದು, ಸಿಕ್ಕ ಉರುಳು, ಗುಡಾರ, ಬಂದೂಕು ಎಲ್ಲವನ್ನೂ ಜಾಗದ ಸಮೇತ ಫೋನಿನಲ್ಲಿ ದಾಖಲು ಮಾಡುವುದು. ಉರುಳು ಅಂದರೆ ಅಲ್ಲಿ ಬೈಕಿನ ಬ್ರೇಕ್ ತಂತಿ, ನಾಲ್ಕು ಕಾಸಿನ ಮಾಲು, ಒಬ್ಬ ಮನುಷ್ಯ ಒಂದು ದಿನದಲ್ಲಿ ನೂರಾರು ಹಾಕಬಲ್ಲ. ಕೆಲವೇ ವರ್ಷದಲ್ಲಿ ಈ ಪಡೆ ಕಿತ್ತುಹಾಕಿದ ಉರುಳುಗಳು 9,701. ಕಾಡಿನೊಳಗೆ ಬೇಟೆಗಾರರು ಕಟ್ಟಿಕೊಂಡಿದ್ದ ಗುಡಾರಗಳು 775. ಅಲ್ಲಿ ಅಕ್ರಮ ಚಟುವಟಿಕೆ ಸುಮಾರು ಶೇ 80ರಷ್ಟು ಇಳಿಯಿತು. ಎಲ್ಲಿ, ಯಾವ ತಿಂಗಳಲ್ಲಿ, ಯಾವ ದಾರಿಯಲ್ಲಿ ಉರುಳು ಜಾಸ್ತಿ ಅನ್ನುವ ಲೆಕ್ಕ ಇದ್ದದ್ದರಿಂದಲೇ ಇದು ಆಯಿತು. 'ಸುಮ್ನೆ ಓಡಾಡೋದು' ಮತ್ತು ವಿಜ್ಞಾನ, ಇವೆರಡರ ನಡುವಿನ ವ್ಯತ್ಯಾಸ ಆ ಲೆಕ್ಕದಲ್ಲಿದೆ.

ಇದರ ಜೊತೆಗೆ ಅರಣ್ಯ ಸಿಬ್ಬಂದಿಗೆ ತರಬೇತಿ ಕೊಡಬೇಕು, ಸರ್ಕಾರದ ಮುಂದೆ ಕೂತು ಕಾನೂನು ಬದಲಿಸಿ ಅಂತ ಹೇಳಬೇಕು. ಇದು ಯಾಕೆ ಬೇಕು ಎಂದು ಕೇಳಿದರೆ ಒಂದೇ ಉದಾಹರಣೆ ಸಾಕು. 2015ರಲ್ಲಿ ಅದೇ ದೇಶದ ಬಾಕ್ ನಿನ್ ಪ್ರಾಂತ್ಯದಲ್ಲಿ ಕಳ್ಳರಿಂದ ವಶಪಡಿಸಿಕೊಂಡ 42 ಜೀವಂತ ಚಿಪ್ಪುಹಂದಿಗಳನ್ನು ಅರಣ್ಯ ಸಿಬ್ಬಂದಿಯೇ ಹೋಟೆಲ್‌ಗಳಿಗೆ ಮಾರಿಬಿಟ್ಟಿದ್ದರು. ದೊಡ್ಡ ಗಲಾಟೆ ಆಯಿತು. ಈಗ ಅಲ್ಲಿ ಇಂಥ ಅಪರಾಧಕ್ಕೆ 15 ವರ್ಷದವರೆಗೆ ಜೈಲು ಇದೆ.

ಪ್ರಶ್ನೆ: ಒಂದು ಚಿಪ್ಪುಹಂದಿಗೆ ಕೋಟಿಗಟ್ಟಲೆ ಬೆಲೆ, ಅದರಲ್ಲಿ ಯಾವುದೋ ವಿಶೇಷ ಶಕ್ತಿ ಇದೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೊ ಬರ್ತಾ ಇದೆ. ನಮ್ಮ ಭಾವನವರು ಪೂರ್ತಿ ನಂಬಿದ್ದಾರೆ. ಸತ್ಯ ಏನು? (ಬೆಂಗಳೂರು)

ಉತ್ತರ: ಭಾವನವರಿಗೆ ಮಣ್ಣುಮುಕ್ಕ ಹಾವಿನ ಕಥೆ ನೆನಪಿದೆಯಾ ಕೇಳಿ. 'ಎರಡು ತಲೆ ಹಾವು, ತೂಕ ಇಷ್ಟಿದ್ದರೆ ಕೋಟಿ' ಅಂತ ಹೇಳಿ ಎಷ್ಟು ಜನ ಆಸ್ತಿ ಕಳೆದುಕೊಂಡರು, ಎಷ್ಟು ಜನ ಜೈಲಿಗೆ ಹೋದರು. ಅದೇ ಜನ, ಅದೇ ನಾಟಕ, ಪ್ರಾಣಿ ಮಾತ್ರ ಬದಲು.

ಚಿಪ್ಪು ಅಂದರೆ ಕೆರಾಟಿನ್. ನಮ್ಮ ಉಗುರು, ಕೂದಲು ಆಗಿರುವುದೂ ಅದರಿಂದಲೇ. ಚೀನಾ ಮತ್ತು ವಿಯೆಟ್ನಾಂನ ಸಾಂಪ್ರದಾಯಿಕ ಮದ್ದಿನಲ್ಲಿ ಅದನ್ನು ಹುರಿದು ಪುಡಿ ಮಾಡಿ ಬಾಣಂತಿಯರಿಗೆ ಎದೆಹಾಲು ಬರಲಿ, ರಕ್ತ ಓಡಾಡಲಿ ಅಂತ ಕೊಡುತ್ತಿದ್ದರು. ಕೆಲಸ ಮಾಡುತ್ತೆ ಅನ್ನುವುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. 2020ರಲ್ಲಿ ಚೀನಾ ಸರ್ಕಾರವೇ ತನ್ನ ಅಧಿಕೃತ ಮದ್ದುಗಳ ಪಟ್ಟಿಯಿಂದ ಚಿಪ್ಪನ್ನು ತೆಗೆಯಿತು, ಪ್ರಾಣಿಗೆ ಅತಿ ಹೆಚ್ಚಿನ ರಕ್ಷಣೆಯ ದರ್ಜೆ ಕೊಟ್ಟಿತು. ಅದಕ್ಕೂ ಮೊದಲು, 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ (ಕಾಡುಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಸಭೆಯಲ್ಲಿ ಜಗತ್ತಿನ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧವಾಗಿತ್ತು.

ಹಾಗಂತ ವ್ಯಾಪಾರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಭಯಂಕರವಾಗಿದೆ. 2019ರ ಏಪ್ರಿಲ್‌ನಲ್ಲಿ ಸಿಂಗಪುರದ ಬಂದರಿನಲ್ಲಿ ಒಂದೇ ವಾರದ ಒಳಗೆ ಎರಡು ಸಲ, ಒಟ್ಟು 25 ಟನ್ನಿಗೂ ಹೆಚ್ಚು ಚಿಪ್ಪು ಸಿಕ್ಕಿತು. ನೈಜೀರಿಯಾದಿಂದ ವಿಯೆಟ್ನಾಂಗೆ ಹೋಗುತ್ತಿದ್ದ ಮಾಲು. ಆದರೆ ಆ ದಂಧೆ ಕಂಟೇನರ್ ಲೆಕ್ಕದ್ದು. ಅಲ್ಲಿ ದುಡ್ಡು ಮಾಡುವವನು ಹಡಗು ಗೊತ್ತಿರುವವನು. ಕಾಡಂಚಿನಲ್ಲಿ ಹಿಡಿದವನಿಗೆ ಸಿಗುವುದು ಚಿಲ್ಲರೆ.

ನಮ್ಮಲ್ಲಿ ನಡೆಯುವ ಕಥೆ ಬೇರೆ. ಯಾರೋ ವಿಡಿಯೊ ನೋಡುತ್ತಾನೆ, ಕೋಟಿ ಅಂತ ನಂಬುತ್ತಾನೆ, ಒಂದು ಪ್ರಾಣಿ ಹಿಡಿದು ಗೋಣಿಚೀಲದಲ್ಲಿ ಕಟ್ಟಿಡುತ್ತಾನೆ, ಆಮೇಲೆ ಗಿರಾಕಿ ಹುಡುಕಲು ಶುರು ಮಾಡುತ್ತಾನೆ. ಗಿರಾಕಿ ಇಲ್ಲ. ಇದ್ದರೆ ತಾನೇ? ಅವನಿಗೆ ಇವನು, ಇವನಿಗೆ ಇನ್ನೊಬ್ಬ, ಹೀಗೆ ಫೋನ್ ನಂಬರ್ ತಿರುಗುತ್ತೆ, ಎಲ್ಲರೂ ಕಮಿಷನ್ ಕೇಳುವವರೇ. ಕೊನೆಗೆ ಒಬ್ಬ ಪೂರ್ತಿ ದುಡ್ಡು ಕೊಡ್ತೀನಿ, ಬಸ್ ಸ್ಟ್ಯಾಂಡ್ ಹಿಂದೆ ಬನ್ನಿ ಅನ್ನುತ್ತಾನೆ. ಹಲವು ಪ್ರಕರಣಗಳಲ್ಲಿ ಆ 'ಗಿರಾಕಿ' ಮಫ್ತಿಯಲ್ಲಿರುವ ಪೊಲೀಸ್ ಅಥವಾ ಅರಣ್ಯ ಸಿಬ್ಬಂದಿ. ಅಷ್ಟರಲ್ಲಿ ಚೀಲದಲ್ಲಿದ್ದ ಪ್ರಾಣಿ ಎಷ್ಟೋ ಸಲ ಸತ್ತೇ ಹೋಗಿರುತ್ತೆ.

ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಟ್ಟಿರುವ ಟ್ರಾಫಿಕ್ ಸಂಸ್ಥೆಯ ಲೆಕ್ಕದ ಪ್ರಕಾರ 2018ರಿಂದ 2022ರವರೆಗೆ ಭಾರತದಲ್ಲಿ 342 ಪ್ರಕರಣಗಳಲ್ಲಿ 1,203 ಚಿಪ್ಪುಹಂದಿಗಳು ಸಿಕ್ಕಿವೆ. ಒಡಿಶಾ ಮೊದಲ ಸ್ಥಾನದಲ್ಲಿದೆ. ಇದು ಸಿಕ್ಕಿಬಿದ್ದ ಲೆಕ್ಕ. ಸಿಕ್ಕದೇ ಹೋಗಿದ್ದು ಇದರಲ್ಲಿಲ್ಲ.

ಅಂದಹಾಗೆ ಭಾವನವರು ಆ ವಿಡಿಯೊವನ್ನು ಮುಂದಕ್ಕೆ ಕಳಿಸುತ್ತಿದ್ದರೆ ನಿಲ್ಲಿಸಲು ಹೇಳಿ. ಹಿಡಿಯುವವನು ಹುಟ್ಟುವುದು ಅಲ್ಲಿಂದಲೇ.

ಪ್ರಶ್ನೆ: ನಾನು ಧಾರವಾಡದವನು, ಕೆಲಸದ ಮೇಲೆ ಲಾಗೋಸ್‌ನಲ್ಲಿದ್ದೇನೆ. ಇಲ್ಲಿ ಚಿಪ್ಪುಹಂದಿ ಮಾಂಸವನ್ನು ಜನ ಬಹಳ ಇಷ್ಟಪಟ್ಟು ತಿನ್ನುತ್ತಾರೆ ಎಂದು ಜೊತೆಯವರು ಹೇಳಿದರು. ಹಾಗಾದರೆ ಚೀನಾದವರು ಚಿಪ್ಪು ಕೊಳ್ಳೋದು ಬಿಟ್ಟರೆ ಇದು ಉಳಿಯುತ್ತೆ ಅನ್ನೋದು ಸುಳ್ಳಾ? (ನೈಜೀರಿಯಾ)

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ನಿಮ್ಮ ಅನುಮಾನ ಸರಿ. ಇದನ್ನು ಅಳೆದು ತೋರಿಸಿದವರು ನಿಮ್ಮ ಆ ದೇಶದವರೇ, ಚಾರ್ಲ್ಸ್ ಎಮೊಗೊರ್.

ಕೇಂಬ್ರಿಜ್‌ನಲ್ಲಿ ಪಿ.ಎಚ್‌ಡಿ. ಮಾಡಿದವರು. ಕೆಲಸ ಮಾಡಿದ್ದು ನೈಜೀರಿಯಾದ ಆಗ್ನೇಯ ಮೂಲೆಯ ಕ್ರಾಸ್ ರಿವರ್ ಕಾಡಿನಲ್ಲಿ. ಅವರ ತಂಡ 800ಕ್ಕೂ ಹೆಚ್ಚು ಬೇಟೆಗಾರರು, ವ್ಯಾಪಾರಿಗಳನ್ನು ಮಾತಾಡಿಸಿತು. ಯಾಕೆ ಹಿಡಿದೆ, ಹೇಗೆ ಹಿಡಿದೆ, ಮಾಂಸ ಏನು ಮಾಡಿದೆ, ಚಿಪ್ಪು ಏನು ಮಾಡಿದೆ ಎಂದು ಕೇಳಿತು. ಇಂಥ ಪ್ರಶ್ನೆಗೆ ಯಾರಾದರೂ ಸುಲಭವಾಗಿ ಉತ್ತರ ಕೊಡುತ್ತಾರಾ ಹೇಳಿ, ಅದೂ ಕಾನೂನುಬಾಹಿರ ಕೆಲಸದ ಬಗ್ಗೆ? ಆ ಜನರ ನಂಬಿಕೆ ಗಳಿಸಬೇಕು. ಹೊರಗಿನಿಂದ ಬಂದು ಒಂದು ವಾರ ಇದ್ದು ಹೋಗುವವರಿಂದ ಆಗುವ ಕೆಲಸ ಅಲ್ಲ ಅದು.

2025ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಲೆಕ್ಕ ತಲೆಕೆಳಗು ಮಾಡಿತು. ಆ ಭಾಗದಲ್ಲಿ ವರ್ಷಕ್ಕೆ ಸುಮಾರು 21,000 ಚಿಪ್ಪುಹಂದಿ ಸಾಯುತ್ತಿವೆ, ಶೇ 98ರಷ್ಟನ್ನು ಹಿಡಿದಿದ್ದು ಮಾಂಸಕ್ಕೆ. ಚಿಪ್ಪಿನಲ್ಲಿ ಸುಮಾರು ಶೇ 70 ಎಸೆದುಬಿಡುತ್ತಾರೆ! ಹೆಚ್ಚಿನವರು ಅದನ್ನೇ ಹುಡುಕಿಕೊಂಡು ಹೋದವರೂ ಅಲ್ಲ. ಬೇರೆ ಬೇಟೆಗೆ ಹೋದಾಗ, ಹೊಲಕ್ಕೆ ಹೋದಾಗ ಎದುರಿಗೆ ಬಂತು, ಅದು ಓಡಲ್ಲ, ಕಚ್ಚಲ್ಲ, ಸುತ್ತಿಕೊಂಡು ಕೂತುಬಿಡುತ್ತೆ, ಬಿದ್ದ ತೆಂಗಿನಕಾಯಿ ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಚಿರತೆ, ಸಿಂಹದ ಹಲ್ಲಿಗೆ ಜಗ್ಗದ ಉಪಾಯ ಮನುಷ್ಯನ ಕೈಗೆ ಮಾತ್ರ ಉಲ್ಟಾ ಹೊಡೆಯುತ್ತೆ. ಇನ್ನು ರುಚಿಯ ವಿಷಯ: ಕಾಡುಮಾಂಸ, ಸಾಕಿದ ಮಾಂಸ ಎಲ್ಲಕ್ಕೂ ಅಂಕ ಕೊಡಿ ಅಂದಾಗ ಜನ ಚಿಪ್ಪುಹಂದಿಗೇ ಮೊದಲ ಸ್ಥಾನ ಕೊಟ್ಟರು.

ಹಾಗಾದರೆ ಸಿಂಗಪುರದಲ್ಲಿ ಸಿಕ್ಕ ಟನ್‌ಗಟ್ಟಲೆ ಚಿಪ್ಪು? ಅದೂ ನಿಜವೇ. ಅಷ್ಟೊಂದು ಪ್ರಾಣಿ ಸಾಯುವಾಗ ಎಸೆದುಳಿದ ಭಾಗ ವ್ಯಾಪಾರಿಗಳ ಕೈ ಸೇರಿದರೂ ಕಂಟೇನರ್ ತುಂಬುತ್ತೆ. ಬಂದರಿನಲ್ಲಿ ಹಿಡಿಯುವುದು ಬೇಕೇ ಬೇಕು, ಆದರೆ ಕ್ರಾಸ್ ರಿವರ್‌ನಲ್ಲಿ ಚಿಪ್ಪಿನ ಗಿರಾಕಿ ನಾಳೆಯೇ ಮಾಯವಾದರೂ ಮನೆಯ ಒಲೆ ಮೇಲಿನ ಪಾತ್ರೆ ಹಾಗೇ ಇರುತ್ತೆ. ಅಲ್ಲಿ ಬೇಕಾಗಿರುವುದು ಬೇರೆ ಮಾಂಸ, ಬೇರೆ ಆದಾಯ, ಊರಿನ ಮುಖಂಡರ ಮಾತು. ವಿಯೆಟ್ನಾಂನಲ್ಲಿ ತಿನ್ನುವವನು ಪಟ್ಟಣದ ಶ್ರೀಮಂತ, ಹೋಟೆಲ್‌ನಲ್ಲಿ ದೊಡ್ಡಸ್ತಿಕೆ ತೋರಿಸಲು ತಿನ್ನುತ್ತಾನೆ. ಅವನಿಗೆ ಕೋಳಿ ಸಾಕಿಕೊಡುತ್ತೇನೆ ಅಂದರೆ ನಗುತ್ತಾನೆ. ನಮ್ಮಲ್ಲಿ ಹಿಡಿಯುವವನನ್ನು ಓಡಿಸುತ್ತಿರುವುದು ಹಸಿವೂ ಅಲ್ಲ, ದೊಡ್ಡಸ್ತಿಕೆಯೂ ಅಲ್ಲ, ಆ ಕೋಟಿಯ ಗುಸುಗುಸು. ಒಂದೇ ಪ್ರಾಣಿ, ಮೂರು ಕಡೆ ಮೂರು ಕಾರಣ. ಒಂದು ಕಡೆಯ ಮದ್ದು ಇನ್ನೊಂದು ಕಡೆ ಹತ್ತಲ್ಲ. ಎಮೊಗೊರ್ ಅವರ ಕೆಲಸವನ್ನು ನಾನು ಇಷ್ಟು ಮೆಚ್ಚುವುದು ಇದಕ್ಕೇ: ತೀರ್ಪು ಕೊಡುವ ಮೊದಲು ಕೇಳಿದರು.

ಪ್ರಶ್ನೆ: ಹುಲಿ ಇಷ್ಟಿವೆ, ಆನೆ ಇಷ್ಟಿವೆ ಅಂತ ಲೆಕ್ಕ ಕೊಡ್ತಾರೆ. ಕರ್ನಾಟಕದಲ್ಲಿ ಚಿಪ್ಪುಹಂದಿ ಎಷ್ಟಿವೆ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಲೆಕ್ಕ ಇಲ್ಲ ಸರ್. ಕರ್ನಾಟಕದ್ದು ಮಾತ್ರ ಅಲ್ಲ, ಭಾರತದ್ದೂ ಇಲ್ಲ, ಜಗತ್ತಿನದ್ದೂ ಇಲ್ಲ.

ಹುಲಿ ಎಣಿಸುವ ವಿಧಾನ ನಿಮ್ಮ ಮೈಸೂರಿನ ಪಕ್ಕದಲ್ಲೇ ಬೆಳೆದಿದ್ದು. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ) ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ, ಸಂಖ್ಯಾಶಾಸ್ತ್ರದ ಸಹಾಯದಿಂದ ಎಷ್ಟಿವೆ ಎಂದು ಅಂದಾಜು ಮಾಡುವ ದಾರಿ ತೋರಿಸಿದರು. ಚಿಪ್ಪುಹಂದಿಗೆ ಪಟ್ಟೆ ಇಲ್ಲ, ಚುಕ್ಕೆ ಇಲ್ಲ. ಕ್ಯಾಮೆರಾಕ್ಕೆ ಸಿಕ್ಕರೂ ನಿನ್ನೆ ಬಂದಿದ್ದೇ ಇವತ್ತು ಬಂತಾ, ಬೇರೆಯದ್ದಾ ಗೊತ್ತಾಗಲ್ಲ. ಹಗಲಿಡೀ ನೆಲದೊಳಗೆ, ರಾತ್ರಿ ಒಂಟಿಯಾಗಿ ಓಡಾಟ, ಸದ್ದು ಇಲ್ಲ. ಕಾಡಿನಲ್ಲೇ ಜೀವನ ಕಳೆದ ಎಷ್ಟೋ ಜನ ಒಂದು ಸಲವೂ ನೋಡಿಲ್ಲ. ನಾನು ಹತ್ತಿರದಿಂದ ನೋಡಿದ್ದು ಒಮ್ಮೆ, ಅದೂ ಅರಣ್ಯ ಸಿಬ್ಬಂದಿ ಬಿಡಿಸಿ ತಂದಿದ್ದನ್ನು. ಪ್ಲಾಸ್ಟಿಕ್ ಡ್ರಮ್ಮಿನ ತಳದಲ್ಲಿ ಸುತ್ತಿಕೊಂಡು ಮಲಗಿತ್ತು. ಚಿಪ್ಪಿನ ಸಂದಿಯಿಂದ ಒರಟು ಕೂದಲು ಇಣುಕುತ್ತಿತ್ತು. ಮುಂಗಾಲಿನ ಉಗುರುಗಳಲ್ಲಿ ಕೆಮ್ಮಣ್ಣು ಹಾಗೇ ಇತ್ತು. ಉಸಿರಾಡಿದಾಗ ಚಿಪ್ಪಿಗೆ ಚಿಪ್ಪು ಉಜ್ಜಿ ಸಣ್ಣಗೆ ಸದ್ದು.

ಸಂಶೋಧಕರು ಸದ್ಯಕ್ಕೆ ಮಾಡುವುದು ಬಿಲ ಎಣಿಸುವುದು, ಹೊಸದಾ ಹಳೆಯದಾ ನೋಡುವುದು, ಹುತ್ತದ ಮೇಲಿನ ಉಗುರಿನ ಗೀರು ಹುಡುಕುವುದು, ಊರಿನ ಹಿರಿಯರನ್ನು ಕೇಳುವುದು. ಮಧ್ಯಪ್ರದೇಶದ ಸಾತ್ಪುರದಲ್ಲಿ, ಬಿಡಿಸಿ ತಂದ ಚಿಪ್ಪುಹಂದಿಗಳಿಗೆ ರೇಡಿಯೊ ಟ್ಯಾಗ್ ಹಾಕಿ ಕಾಡಿಗೆ ಬಿಟ್ಟಿದ್ದಾರೆ. ಕೊರಳಿಗೆ ಪಟ್ಟಿ ಕಟ್ಟಲು ಇದಕ್ಕೆ ಕೊರಳೇ ಇಲ್ಲದ ಹಾಗೆ. ಹಾಗಾಗಿ ಇಂಥ ಟ್ಯಾಗನ್ನು ಬಾಲದ ಕಡೆಯ ಚಿಪ್ಪಿಗೆ ಕೂರಿಸುತ್ತಾರೆ. ಉಗುರು ಕತ್ತರಿಸಿದರೆ ನಮಗೆ ನೋಯಲ್ಲ ಅಲ್ವಾ, ಇದೂ ಅಷ್ಟೇ.

ಪ್ರಶ್ನೆ: ಮೊಲ, ಹಂದಿ ಸಾಕಿದ ಹಾಗೆ ಇದನ್ನೂ ಸಾಕಿ ಮಾರಲು ಬಿಟ್ಟರೆ ಕಾಡಿನದ್ದು ಉಳಿಯುತ್ತಲ್ಲ? (ತುಮಕೂರು)

ಉತ್ತರ: ಸಾಕಲು ಆಗಿದ್ದರೆ ಯಾರೋ ಯಾವತ್ತೋ ಸಾಕುತ್ತಿದ್ದರು. ಒಂದು ಮರಿ ಹಾಕುವ, ಇರುವೆ, ಗೆದ್ದಲು ಮಾತ್ರ ತಿನ್ನುವ, ಗಾಬರಿಯಾದರೆ ಊಟ ಬಿಟ್ಟು ಸಾಯುವ ಪ್ರಾಣಿ. ಭುವನೇಶ್ವರದ ನಂದನಕಾನನ ಮೃಗಾಲಯದಲ್ಲಿ ನಮ್ಮ ಭಾರತೀಯ ಚಿಪ್ಪುಹಂದಿಯ ಸಂತಾನೋತ್ಪತ್ತಿ ಕೇಂದ್ರ ಇದೆ, ಮರಿಗಳೂ ಆಗಿವೆ, ಆದರೆ ಅದು ಸರ್ಕಾರದ ದುಡ್ಡಿನಲ್ಲಿ, ಪರಿಣತರ ಕಾವಲಿನಲ್ಲಿ, ಒಂದೊಂದು ಮರಿಗೂ ಒದ್ದಾಡಿ ಮಾಡುವ ಕೆಲಸ. ಇದರಲ್ಲಿ ಲಾಭದ ಲೆಕ್ಕ ಹುಟ್ಟಲ್ಲ. ಕಾಡಿನಿಂದ ಎತ್ತಿಕೊಂಡು ಬರುವುದು ಪುಕ್ಕಟೆ ಇರುವಾಗ ಸಾಕಿದ್ದರ ಹೆಸರಿನಲ್ಲಿ ಕಾಡಿನದ್ದೇ ಮಾರುತ್ತಾರೆ.

ಪ್ರಶ್ನೆ: ಕೊರೊನಾ ಬಂದಿದ್ದು ಇದರಿಂದ ತಾನೆ? (ಉಡುಪಿ)

ಉತ್ತರ: ಹಾಗಂತ ಸಾಬೀತಾಗಿಲ್ಲ. 2020ರ ಶುರುವಿನಲ್ಲಿ, ಚೀನಾಕ್ಕೆ ಕಳ್ಳಸಾಗಣೆಯಾಗಿ ಸಿಕ್ಕಿಬಿದ್ದ ಚಿಪ್ಪುಹಂದಿಗಳಲ್ಲಿ ಕೊರೊನಾವನ್ನು ಹೋಲುವ ವೈರಸ್ ಸಿಕ್ಕಿದ್ದು ನಿಜ. ಅದೇ ಮನುಷ್ಯರಿಗೆ ದಾಟಿತು ಎನ್ನಲು ಪುರಾವೆ ಸಿಗಲಿಲ್ಲ. ನಿಮ್ಮ ಹಿತ್ತಿಲಿಗೆ ಬಂದ ಪ್ರಾಣಿಯನ್ನು ಈ ಭಯದಿಂದ ಹೊಡೆಯಬೇಡಿ. ಮುಟ್ಟದೇ ಇದ್ದರೆ ನಿಮಗೂ ಕ್ಷೇಮ, ಅದಕ್ಕೂ ಕ್ಷೇಮ.

ಪ್ರಶ್ನೆ: ನಮ್ಮ ಅಜ್ಜಿ ಕಾಲದ ಒಂದು ಚಿಪ್ಪು ಮನೆಯಲ್ಲಿದೆ. ಮೂಲವ್ಯಾಧಿಗೆ ಒಳ್ಳೆಯದು ಅಂತ ಉಂಗುರ ಮಾಡಿಸಲು ಇಟ್ಟಿದ್ದರಂತೆ. ಈಗ ಭಯ ಆಗ್ತಿದೆ. (ಚಳ್ಳಕೆರೆ)

ಉತ್ತರ: 2023ರಲ್ಲಿ ಹುಲಿ ಉಗುರಿನ ಲಾಕೆಟ್ ಗಲಾಟೆ ಆಯಿತಲ್ಲ, ಆಗ ರಾಜ್ಯದಲ್ಲಿ ಎಷ್ಟು ಮನೆಗಳಲ್ಲಿ ಬೀರು ತೆರೆದು ನೋಡಿಕೊಂಡಿದ್ದಾರೋ ಏನೋ. ಒಂದನೇ ಪಟ್ಟಿಯ ಪ್ರಾಣಿಯ ಯಾವ ಭಾಗವನ್ನೂ ಸುಮ್ನೆ ಇಟ್ಟುಕೊಳ್ಳುವುದೂ ಅಪರಾಧವೇ. ಯಾರಿಗೂ ಕೊಡಬೇಡಿ, ಮಾರಬೇಡಿ, ಫೋಟೊ ತೆಗೆದು ಗ್ರೂಪಿಗೆ ಹಾಕಿ 'ಇದೇನು' ಅಂತಲೂ ಕೇಳಬೇಡಿ. ಪರಿಚಯದ ವಕೀಲರೊಬ್ಬರನ್ನು ಕೇಳಿಕೊಂಡು, ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಲಿಖಿತವಾಗಿ ಒಪ್ಪಿಸಿ, ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಮೂಲವ್ಯಾಧಿಗೆ ಡಾಕ್ಟರು ಚಳ್ಳಕೆರೆಯಲ್ಲೇ ಇದ್ದಾರೆ.

ಪ್ರಶ್ನೆ: ಮಗಳಿಗೆ ಇಂಥ ಕೆಲಸವೇ ಬೇಕಂತೆ. ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಎಲ್ಲಿ ಓದಿಸಬೇಕು? ಹೆಣ್ಣು ಹುಡುಗಿ ರಾತ್ರಿ ಕಾಡಲ್ಲಿ ಅಂದರೆ ನಮಗೆ ಭಯ. (ಸಾಗರ)

ಉತ್ತರ: ಓದುವುದಕ್ಕೆ ನಿಮ್ಮ ಸುತ್ತಮುತ್ತಲೇ ದಾರಿಗಳಿವೆ. ಶಿರಸಿಯಲ್ಲಿ, ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ, ಪಿಯುಸಿ ಆದ ಮೇಲೆ ಬಿ.ಎಸ್ಸಿ. ಅರಣ್ಯಶಾಸ್ತ್ರಕ್ಕೆ ಸೇರಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಷಯದಲ್ಲೇ ಎಂ.ಎಸ್ಸಿ. ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್), ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಇರುವ ಎಂ.ಎಸ್ಸಿ. ಕೋರ್ಸುಗಳಿಗೆ ಪ್ರವೇಶ ಪರೀಕ್ಷೆ ಕಠಿಣ, ಸೀಟು ಕಡಿಮೆ. ಪಶುವೈದ್ಯಕೀಯ ಓದಿದರೂ ಈ ಕೆಲಸಕ್ಕೆ ಬರಬಹುದು, ಗಾಯಗೊಂಡ ಪ್ರಾಣಿಗೆ ಮೊದಲು ಬೇಕಾಗುವುದು ಡಾಕ್ಟರೇ. ಗಣಿತ, ಸಂಖ್ಯಾಶಾಸ್ತ್ರ ಬಿಡಬೇಡ ಅಂತ ಅವಳಿಗೆ ಹೇಳಿ. ಬಹಳ ಮಕ್ಕಳು ಕಾಡಿನ ಆಸೆಯಿಂದ ಬಂದು ಅಲ್ಲಿ ಎಡವುತ್ತಾರೆ.

ಭಯದ ವಿಷಯ. ಕಾಡಿನಲ್ಲಿ ಒಬ್ಬರೇ ಯಾರೂ ರಾತ್ರಿ ಹೋಗಲ್ಲ, ಗಂಡಸರೂ ಹೋಗಲ್ಲ. ಅರಣ್ಯ ಇಲಾಖೆಯ ವಾಚರ್ ಜೊತೆಗಿರುತ್ತಾರೆ, ತಂಡ ಇರುತ್ತೆ. ನಾನು ಕಂಡ ಹಾಗೆ ನಮ್ಮ ರಾಜ್ಯದಲ್ಲಿ ಈ ಕೆಲಸದಲ್ಲಿ ಹೆಣ್ಣುಮಕ್ಕಳು ಈಗ ಬೇಕಾದಷ್ಟು ಜನ ಇದ್ದಾರೆ. ಸಂಬಳ ಮಾತ್ರ ಶುರುವಿನಲ್ಲಿ ಕಡಿಮೆ, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತೆ, ಮತ್ತೆ ಹುಡುಕಬೇಕು. ಭಯಪಡುವುದಾದರೆ ಅದಕ್ಕೆ ಪಡಿ. ಸದ್ಯಕ್ಕೆ ರಜೆಯಲ್ಲಿ ಅವಳನ್ನು ನಿಮ್ಮ ಊರಿನ ಸೊಪ್ಪಿನಬೆಟ್ಟಕ್ಕೆ ಹಗಲು ಹೊತ್ತಿನಲ್ಲಿ ಕರೆದುಕೊಂಡು ಹೋಗಿ, ಹುತ್ತಗಳ ಮೇಲೆ ಉಗುರಿನ ಗೀರು ಇದೆಯಾ ನೋಡಲು ಹೇಳಿ. ಸಿಕ್ಕರೆ ದಿನಾಂಕ ಹಾಕಿ ಬರೆದಿಟ್ಟುಕೊಳ್ಳಲಿ. ಜಾಗ ಎಲ್ಲಿ ಅಂತ ಮಾತ್ರ ನನಗೂ ಬರೆಯಬೇಡಿ.